ಒಬ್ಬರೇ ನಡೆಯಲು ಯಾವ ದಾರಿ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ದೀರ್ಘ ಚಾರಣದ ಕುರಿತಾದವೇ ಹೆಚ್ಚಾಗಿದ್ದವು. ಅವುಗಳಲ್ಲಿ ನಾಲ್ಕನ್ನು ಆರಿಸಿ ಉತ್ತರಿಸಿದ್ದೇನೆ. ಮೊದಲ ಪತ್ರಕ್ಕೆ ಕೊಟ್ಟ ಉತ್ತರ ದೀರ್ಘವಾಗಿದೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದ ಇತರ ಓದುಗರಿಗೂ ಅದು ಅನ್ವಯಿಸುತ್ತದೆ.

ಪ್ರಶ್ನೆ: ನನಗೆ 41 ವರ್ಷ. ಕುಮಾರಪರ್ವತ, ಕೊಡಚಾದ್ರಿ, ತಡಿಯಂಡಮೋಳ್ ಬೆಟ್ಟಗಳನ್ನು ಗೆಳೆಯರ ಗುಂಪಿನೊಂದಿಗೆ ಹತ್ತಿದ್ದೇನೆ. ಮುಂದಿನ ವರ್ಷ ಆರು ವಾರಗಳ ರಜೆ ಸಿಗುವ ಸಂಭವವಿದ್ದು, ಯಾರ ಜೊತೆಯೂ ಇಲ್ಲದೆ ಒಂದು ಉದ್ದದ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ನಡೆಯಬೇಕೆಂಬ ಆಸೆಯಿದೆ. ಅಮೆರಿಕದ ಅಪಲೇಚಿಯನ್ ಟ್ರೇಲ್, ನೇಪಾಳದ ಅನ್ನಪೂರ್ಣ ಸರ್ಕ್ಯೂಟ್, ಸ್ಪೇನಿನ ಕಮಿನೊ, ಜಪಾನಿನ ಶಿಕೋಕು ಇವುಗಳ ಬಗ್ಗೆ ಓದಿದ್ದೇನೆ. ನಾನು ಸಸ್ಯಾಹಾರಿ, ಆದರೆ ಮೊಟ್ಟೆ ತಿನ್ನುತ್ತೇನೆ. ಯಾವುದನ್ನು ಆರಿಸಿಕೊಳ್ಳಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಹೆಸರಿಸಿದ ನಾಲ್ಕರಲ್ಲಿ ಎರಡನ್ನು ಬದಿಗಿಡಲು ಬೇಕಾದ ಕಾರಣಗಳು ನಿಮ್ಮ ಪತ್ರದಲ್ಲೇ ಇವೆ. ಅಪಲೇಚಿಯನ್ ಟ್ರೇಲ್ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಹೊರಟು 14 ರಾಜ್ಯಗಳನ್ನು ಹಾದು ಮೇನ್ ರಾಜ್ಯದ ಕಟಾಡಿನ್ ಶಿಖರದಲ್ಲಿ ಮುಗಿಯುವ, ಸುಮಾರು 3,500 ಕಿಲೋಮೀಟರ್ ಉದ್ದದ ದಾರಿ. ಪೂರ್ತಿ ನಡೆಯುವವರು ಸಾಮಾನ್ಯವಾಗಿ ಐದರಿಂದ ಏಳು ತಿಂಗಳು ತೆಗೆದುಕೊಳ್ಳುತ್ತಾರೆ. ಆರು ವಾರದಲ್ಲಿ ಅದರ ಒಂದು ತುಂಡನ್ನಷ್ಟೇ ನಡೆಯಬಹುದು. ಮೊದಲಿನಿಂದ ಕೊನೆಯವರೆಗೆ ಎಂಬ ನಿಮ್ಮ ಆಸೆ ಅಲ್ಲಿ ಈಡೇರುವುದಿಲ್ಲ.

ನೇಪಾಳ ನಮಗೆ ಹತ್ತಿರ, ಭಾರತೀಯರಿಗೆ ವೀಸಾ ಬೇಕಿಲ್ಲ, ಮೂರು ಹೊತ್ತೂ ಬೇಳೆ ಅನ್ನ ಸಿಗುತ್ತದೆ. ಆದರೆ ವಿದೇಶಿ ಚಾರಣಿಗರು ಪರವಾನಗಿ ಪಡೆದ ಮಾರ್ಗದರ್ಶಿಯೊಂದಿಗೇ ನಡೆಯಬೇಕೆಂಬ ನಿಯಮವನ್ನು ಅಲ್ಲಿನ ಪ್ರವಾಸೋದ್ಯಮ ಮಂಡಳಿ 2023ರ ಏಪ್ರಿಲ್‌ನಿಂದ ಜಾರಿಗೆ ತಂದಿದೆ. ನಿಯಮವಿಲ್ಲದಿದ್ದರೂ ಮೊದಲ ಒಂಟಿ ನಡಿಗೆಗೆ ಅನ್ನಪೂರ್ಣವನ್ನು ನಾನು ಸೂಚಿಸುತ್ತಿರಲಿಲ್ಲ. ಆ ದಾರಿ ಪರ್ವತಸಾಲನ್ನು ದಾಟುವ ಥೊರೊಂಗ್ ಲಾ ಕಣಿವೆ 5,416 ಮೀಟರ್ ಎತ್ತರದಲ್ಲಿದೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ಸಾಮಾನ್ಯ ಸಲಹೆ. ಎತ್ತರದ ಕಾಯಿಲೆ ಉಲ್ಬಣಿಸಿದಾಗ ಮೊದಲು ಮಂಕಾಗುವುದು ವಿವೇಚನೆ. ತನ್ನ ಮಾತು ತೊದಲುತ್ತಿದೆ, ಹೆಜ್ಜೆ ತಪ್ಪುತ್ತಿದೆ ಎಂಬುದು ಸ್ವತಃ ರೋಗಿಗೆ ತಿಳಿಯದಿರಬಹುದಾದ್ದರಿಂದ, ಅದನ್ನು ಗಮನಿಸಿ ಕೆಳಗಿಳಿಸಲು ಇನ್ನೊಬ್ಬರು ಪಕ್ಕದಲ್ಲಿರಬೇಕು. ಹವೆಯೂ ಅಲ್ಲಿ ಬೇಗ ತಿರುಗುತ್ತದೆ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತವೇ ಎರಡು ದಿನಗಳ ಬಳಿಕ ಆ ಕಣಿವೆಯ ಸುತ್ತ ಹಿಮಪಾತವಾಗಿ ಸುರಿದು 40ಕ್ಕೂ ಹೆಚ್ಚು ಮಂದಿ ಸತ್ತರು. ಅದು ಚಾರಣಕ್ಕೆ ಅತ್ಯುತ್ತಮವೆಂದು ಎಲ್ಲರೂ ಹೇಳುವ ತಿಂಗಳಾಗಿತ್ತು. ಅನ್ನಪೂರ್ಣಕ್ಕೆ ಖಂಡಿತ ಹೋಗಿ, ಆದರೆ ಮಾರ್ಗದರ್ಶಿಯೊಂದಿಗೆ, ಇನ್ನೊಂದು ರಜೆಯಲ್ಲಿ.

ಉಳಿದವು ಎರಡು. ಇಲ್ಲಿ ಯಾವ ದಾರಿ ಹೆಚ್ಚು ಸುಂದರ ಎಂದು ಕೇಳಿಕೊಂಡರೆ ಉತ್ತರ ಸಿಗದು, ಎರಡೂ ಸುಂದರವೇ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಪ್ರತಿದಿನ ಸಂಜೆ ನಾಲ್ಕು ಗಂಟೆಗೆ ಅಲ್ಲಿ ನನಗೆ ಏನೇನು ಸಿಗುತ್ತದೆ? ತಲೆಯ ಮೇಲೆ ಸೂರು, ಹೊಟ್ಟೆಗೆ ಊಟ, ಕುಡಿಯುವ ನೀರು, ಕಾಲು ಉಳುಕಿದರೆ ಹೊರಬೀಳಲು ಬಸ್ಸು, ನಾನು ಬರದೇ ಹೋದರೆ ‘ಅವರಿನ್ನೂ ಬಂದಿಲ್ಲವಲ್ಲ’ ಎನ್ನುವ ಒಬ್ಬ ಮನುಷ್ಯ. ಗುಂಪಿನಲ್ಲಿ ಹೋದಾಗ ಈ ಐದನ್ನೂ ಗುಂಪೇ ನೋಡಿಕೊಳ್ಳುತ್ತದೆ. ಒಬ್ಬರೇ ಹೋದಾಗ ಅವನ್ನು ದಾರಿ ಒದಗಿಸಬೇಕು, ಇಲ್ಲವೇ ನೀವು ಬೆನ್ನ ಮೇಲೆ ಹೊರಬೇಕು. ಮೊದಲ ಸಲ ಒಂಟಿಯಾಗಿ ಹೊರಡುವವರು ಐದನ್ನೂ ಒದಗಿಸುವ ದಾರಿಯನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಅಳತೆಗೆ ಕಮಿನೊ ಹೊಂದುವಷ್ಟು ಬೇರಾವ ದಾರಿಯೂ ಹೊಂದುವುದಿಲ್ಲ. ಕಮಿನೊ ಎಂದರೆ ಒಂದೇ ದಾರಿಯಲ್ಲ. ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಸಾಂತಿಯಾಗೊ ದೆ ಕೊಂಪೊಸ್ತೆಲಾ ಎಂಬ ಊರಿನ ಕ್ರೈಸ್ತ ದೇವಾಲಯಕ್ಕೆ ಹಲವು ದಿಕ್ಕುಗಳಿಂದ ಬರುವ ಯಾತ್ರಾಪಥಗಳ ಜಾಲ. ನೀವು ಓದಿರುವುದು ಬಹುಶಃ ‘ಫ್ರೆಂಚ್ ದಾರಿ’ಯ ಬಗ್ಗೆ. ಅದು ಫ್ರಾನ್ಸಿನ ಸಾಂ ಜಾಂ ಪಿಯೆ ದ ಪೋರ್ ಎಂಬ ಊರಿನಲ್ಲಿ ಆರಂಭವಾಗಿ ಪಿರಿನೀಸ್ ಪರ್ವತಗಳನ್ನು ದಾಟಿ ಸುಮಾರು 780 ಕಿಲೋಮೀಟರ್ ಸಾಗುತ್ತದೆ. ಐದು ವಾರ ಸಾಕು. ಪ್ರಯಾಣ ಮತ್ತು ವಿಶ್ರಾಂತಿಗೆ ಒಂದು ವಾರ ಉಳಿಯುತ್ತದೆ. ಉದ್ದಕ್ಕೂ ಹಳದಿ ಬಾಣಗಳ ಗುರುತಿದೆ. 1980ರ ದಶಕದಲ್ಲಿ ಈ ಬಾಣಗಳನ್ನು ಬಳಿಯುವ ಕೆಲಸ ಆರಂಭಿಸಿದವರು ಓ ಸೆಬ್ರೆಯ್ರೊ ಎಂಬ ಗುಡ್ಡದೂರಿನ ಪಾದ್ರಿ ಎಲಿಯಾಸ್ ವಲಿನ್ಯ. ಕೆಲವು ಕಿಲೋಮೀಟರಿಗೊಂದು ಹಳ್ಳಿ, ಹಳ್ಳಿಗಳಲ್ಲಿ ‘ಅಲ್ಬೆರ್ಗೆ’ ಎಂಬ ಯಾತ್ರಿಕರ ಛತ್ರಗಳಿವೆ. ಯಾತ್ರಿಕರ ಕೈಪುಸ್ತಕಕ್ಕೆ ಪ್ರತಿ ತಂಗುದಾಣದಲ್ಲೂ ಮುದ್ರೆ ಒತ್ತಿಸಿಕೊಳ್ಳಬೇಕಾದ್ದರಿಂದ ನೀವು ಎಲ್ಲಿಯವರೆಗೆ ಬಂದಿರಿ ಎಂಬುದಕ್ಕೆ ದಾಖಲೆ ತಾನಾಗಿಯೇ ಉಳಿಯುತ್ತದೆ.

ಕಷ್ಟಗಳನ್ನೂ ಹೇಳಬೇಕು. ಮೊದಲ ದಿನವೇ ಅತಿ ಕಠಿಣ: ರೊನ್ಸೆಸ್ವಾಯೆಸ್ ಮಠದವರೆಗಿನ ಸುಮಾರು 25 ಕಿಲೋಮೀಟರಿನಲ್ಲಿ 1,200 ಮೀಟರಿಗೂ ಹೆಚ್ಚಿನ ಏರಿದೆ. ಕುಮಾರಪರ್ವತವನ್ನು ಕುಕ್ಕೆಯ ಕಡೆಯಿಂದ ಹತ್ತಿದವರಿಗೆ ಇದು ಭಯಪಡುವಂಥದ್ದಲ್ಲ. ಆದರೆ ಮಾರನೆಯ ದಿನ ಮನೆಯಲ್ಲಿ ಕಾಲುಚಾಚಿ ಮಲಗುವ ಅವಕಾಶವಿಲ್ಲ, ಮತ್ತೆ 20 ಕಿಲೋಮೀಟರ್ ನಡೆಯಬೇಕು. ಈ ಎತ್ತರದ ದಾರಿಯನ್ನು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಿರುತ್ತಾರೆ. ಬುರ್ಗೋಸ್ ಮತ್ತು ಲಿಯೋನ್ ನಗರಗಳ ನಡುವಿನ ‘ಮೆಸೆಟಾ’ ಪ್ರಸ್ಥಭೂಮಿ ನಮ್ಮ ವಿಜಯಪುರದ ಬಯಲಿನಂತೆ ದಿಗಂತದವರೆಗೂ ಚಪ್ಪಟೆಯಾಗಿದ್ದು ನೆರಳು ವಿರಳ. ಬೇಸರವೆಂದು ಬಹಳ ಮಂದಿ ಆ ಭಾಗವನ್ನು ಬಸ್ಸಿನಲ್ಲಿ ದಾಟುತ್ತಾರೆ. ಏಕಾಂತ ಬಯಸಿ ಹೊರಟ ನೀವು ಹಾಗೆ ಮಾಡಬೇಡಿ, ಏಕೆಂದರೆ ಅದು ಸಿಗುವುದು ಅಲ್ಲಿಯೇ. ಸಾರಿಯಾ ಎಂಬ ಊರಿನಿಂದ ಮುಂದೆ ಜನಸಂದಣಿ ಹೆಚ್ಚುತ್ತದೆ. ಕೊನೆಯ 100 ಕಿಲೋಮೀಟರ್ ನಡೆದವರಿಗೆ ಯಾತ್ರೆಯ ಪ್ರಮಾಣಪತ್ರ ಕೊಡುವುದರಿಂದ ಅಷ್ಟನ್ನೇ ನಡೆಯಲು ಬರುವವರು ಅಸಂಖ್ಯ. 2024ರಲ್ಲಿ ಎಲ್ಲ ದಾರಿಗಳಿಂದಲೂ ಸೇರಿ ಸುಮಾರು ಐದು ಲಕ್ಷ ಮಂದಿ ಈ ಪತ್ರ ಪಡೆದರು. ಜುಲೈ ಮತ್ತು ಆಗಸ್ಟ್ ತಿಂಗಳ ಬಿಸಿಲನ್ನೂ ನೂಕುನುಗ್ಗಲನ್ನೂ ತಪ್ಪಿಸಿ ಏಪ್ರಿಲ್ ಕೊನೆಯಲ್ಲಿ ಅಥವಾ ಸೆಪ್ಟೆಂಬರ್ ಆರಂಭದಲ್ಲಿ ಹೊರಡಿ.

ಊಟದ ವಿಷಯದಲ್ಲಿ ಮೊಟ್ಟೆ ತಿನ್ನುವ ನಿಮಗೆ ತೊಂದರೆ ಕಡಿಮೆ. ಆಲೂಗಡ್ಡೆ ಮೊಟ್ಟೆಯ ದಪ್ಪ ತೊರ್ತಿಯಾ ಪ್ರತಿ ಊರಿನ ಬಾರಿನಲ್ಲೂ ಬೆಳಗಿನಿಂದಲೇ ಸಿಗುತ್ತದೆ. ಬೇಳೆಯ ಸಾರು ಕಂಡ ಕೂಡಲೇ ಹಿಗ್ಗಬೇಡಿ, ಅದರಲ್ಲಿ ಹಂದಿಮಾಂಸದ ಚೊರಿಸೊ ತುಂಡುಗಳಿರುವುದು ಸಾಮಾನ್ಯ. ‘ಮಿಶ್ರ ಸಲಾಡ್’ ಎಂದು ತಂದಿಡುವ ತಟ್ಟೆಯಲ್ಲಿ ಟ್ಯೂನಾ ಮೀನಿರುತ್ತದೆ. ಅನೇಕ ಛತ್ರಗಳಲ್ಲಿ ಅಡುಗೆಮನೆ ಇರುವುದರಿಂದ ಅಂಗಡಿಯಿಂದ ಅಕ್ಕಿ, ಬೇಳೆ, ತರಕಾರಿ ತಂದು ಬೇಯಿಸಿಕೊಳ್ಳಬಹುದು. ಒಂದು ಚಿಕ್ಕ ಡಬ್ಬಿಯಲ್ಲಿ ಸಾರಿನ ಪುಡಿ ಒಯ್ದರೆ ಅದರ ತೂಕ ಬೆನ್ನಿಗೆ ಭಾರವೆನಿಸುವುದಿಲ್ಲ.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾವನ್ನು ಹೆಚ್ಚು ದಿನ ಉಳಿಯುವ ದೇಶದಿಂದ, ಅಂದರೆ ಸ್ಪೇನಿನಿಂದ, ಪಡೆಯಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇಲ್ಲೊಂದು ತೊಡಕಿದೆ. ವೀಸಾಕ್ಕೆ ವಸತಿಯ ದಾಖಲೆ ಕೇಳುತ್ತಾರೆ, ಆದರೆ ಪಂಚಾಯಿತಿಗಳು ನಡೆಸುವ ಛತ್ರಗಳಲ್ಲಿ ಸಾಮಾನ್ಯವಾಗಿ ಮುಂಗಡ ಕಾಯ್ದಿರಿಸುವಿಕೆ ಇಲ್ಲ, ಮೊದಲು ಬಂದವರಿಗೆ ಹಾಸಿಗೆ. ಆದ್ದರಿಂದ ಅರ್ಜಿಯ ಮಟ್ಟಿಗೆ ಖಾಸಗಿ ತಂಗುದಾಣಗಳನ್ನು ಕಾಯ್ದಿರಿಸಿ, ದಿನವಾರು ಯೋಜನೆಯನ್ನು ಲಗತ್ತಿಸುವುದು ಒಳ್ಳೆಯದು.

ಶಿಕೋಕು ನನಗೆ ಹೆಚ್ಚು ಪ್ರಿಯವಾದ ದಾರಿಯಾದರೂ ನಿಮಗೆ ಎರಡನೆಯದಾಗಿ ಸೂಚಿಸುತ್ತೇನೆ. 774ರಿಂದ 835ರವರೆಗೆ ಬದುಕಿದ್ದ ಬೌದ್ಧ ಗುರು ಕೂಕಾಯ್, ಅಂದರೆ ಕೋಬೋ ದಾಯ್ಶಿ, ಅವರೊಂದಿಗೆ ತಳುಕುಹಾಕಿಕೊಂಡ 88 ದೇವಾಲಯಗಳನ್ನು ಸುತ್ತುವ ಈ ಪ್ರದಕ್ಷಿಣೆಯ ಉದ್ದ ಸುಮಾರು 1,200 ಕಿಲೋಮೀಟರ್. ಬಿಳಿಯಂಗಿ ತೊಟ್ಟು ಕೋಲು ಹಿಡಿದು ನಡೆಯುವ ಯಾತ್ರಿಕರಿಗೆ ಊರಿನವರು ಕಿತ್ತಳೆ, ಚಹಾ, ಒಮ್ಮೊಮ್ಮೆ ಹಣವನ್ನೂ ಕೊಡುವ ‘ಒಸೆತ್ತಾಯ್’ ಸಂಪ್ರದಾಯ ಇಂದಿಗೂ ಜೀವಂತವಾಗಿದೆ. ಆದರೆ ಪೂರ್ತಿ ನಡೆಯಲು ನಲವತ್ತರಿಂದ ಐವತ್ತು ದಿನ ಬೇಕಾದ್ದರಿಂದ ನಿಮ್ಮ ರಜೆ ಸಾಲದು. ದಾರಿಯ ಬಹುಪಾಲು ಡಾಂಬರು ರಸ್ತೆಯಾಗಿದ್ದು, ಕಾಡಿನ ಮಣ್ಣಿಗೆ ಒಗ್ಗಿದ ಪಾದಗಳು ಅಲ್ಲಿ ಬೇರೆಯದೇ ರೀತಿಯಲ್ಲಿ ನೋಯುತ್ತವೆ. 37ನೆಯ ಮತ್ತು 38ನೆಯ ದೇವಾಲಯಗಳ ನಡುವೆ 80 ಕಿಲೋಮೀಟರಿಗೂ ಹೆಚ್ಚಿನ ಅಂತರವಿದೆ. ಚಿಕ್ಕ ವಸತಿಗೃಹಗಳಿಗೆ ಜಪಾನೀ ಭಾಷೆಯಲ್ಲಿ ದೂರವಾಣಿ ಮಾಡಿ ತಿಳಿಸಬೇಕಾಗುತ್ತದೆ. ಮೀನಿನ ಸಾರ ‘ದಾಶಿ’ ಅಲ್ಲಿನ ಸೂಪು, ನೂಡಲ್ಸ್, ಬೇಯಿಸಿದ ತರಕಾರಿ ಎಲ್ಲದರಲ್ಲೂ ಬೆರೆತಿರುತ್ತದೆ. ಒಂದೊಂದು ಪ್ರಾಂತ್ಯವನ್ನು ಒಂದೊಂದು ಬಾರಿ ನಡೆದು ಪ್ರದಕ್ಷಿಣೆ ಪೂರೈಸುವುದೂ ಅಲ್ಲಿ ಒಪ್ಪಿತವಾದ ಕ್ರಮವೇ. ಕಮಿನೊ ಮುಗಿಸಿದ ಮೇಲೆ ತೊಕುಶಿಮಾ ಪ್ರಾಂತ್ಯದ ಮೊದಲ 23 ದೇವಾಲಯಗಳಿಂದ ಆರಂಭಿಸಬಹುದು.

ಪ್ರಶ್ನೆ: ನನಗೆ 58 ವರ್ಷ, ಸದ್ಯದಲ್ಲೇ ನಿವೃತ್ತಿ. ಮಗಳು ಗ್ಲಾಸ್ಗೋದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಒಂದು ವಾರ ಕಾಲ ನಾನೊಬ್ಬಳೇ ನಡೆಯಬೇಕೆಂದಿದ್ದೇನೆ. ಮನೆಯವರು ‘ಈ ವಯಸ್ಸಿನಲ್ಲಿ, ಅದೂ ಒಬ್ಬಳೇ’ ಎಂದು ಹಿಂದೇಟು ಹಾಕುತ್ತಿದ್ದಾರೆ. ಇಳಿಯುವಾಗ ಮಂಡಿ ಸ್ವಲ್ಪ ನೋಯುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಮನೆಯವರ ಮಾತಿಗೆ. 1955ರಲ್ಲಿ ಅಪಲೇಚಿಯನ್ ಟ್ರೇಲ್‌ನ ಪೂರ್ತಿ ಉದ್ದವನ್ನು ಒಂದೇ ಋತುವಿನಲ್ಲಿ ಒಂಟಿಯಾಗಿ ನಡೆದ ಮೊದಲ ಮಹಿಳೆ ಎಮ್ಮಾ ಗೇಟ್‌ವುಡ್ ಅವರಿಗೆ ಆಗ 67 ವರ್ಷ. ಹನ್ನೊಂದು ಮಕ್ಕಳ ತಾಯಿ. ಕ್ಯಾನ್ವಾಸ್ ಬೂಟು, ತಾವೇ ಹೊಲಿದ ಹೆಗಲಚೀಲ, ಮಳೆಗೆ ಹೊದ್ದುಕೊಳ್ಳಲು ಸ್ನಾನದಮನೆಯ ಪ್ಲಾಸ್ಟಿಕ್ ಪರದೆ ಇಷ್ಟೇ ಅವರ ಸಿದ್ಧತೆ. ವಯಸ್ಸಿನ ಆಕ್ಷೇಪಕ್ಕೆ ಈ ಉತ್ತರ ಸಾಕು. ಒಂದು ವಿಷಯದಲ್ಲಿ ಮಾತ್ರ ಅವರನ್ನು ಅನುಸರಿಸಬೇಡಿ: ಸುಮ್ಮನೆ ನಡೆದಾಡಲು ಹೋಗುತ್ತೇನೆಂದಷ್ಟೇ ಮನೆಯಲ್ಲಿ ಹೇಳಿ ಅವರು ಹೊರಟಿದ್ದರು.

ಮಗಳು ಗ್ಲಾಸ್ಗೋದಲ್ಲಿರುವಾಗ ಬೇರೆ ದಾರಿ ಹುಡುಕುವ ಅಗತ್ಯವೇ ಇಲ್ಲ. 1980ರಲ್ಲಿ ಆರಂಭವಾದ ವೆಸ್ಟ್ ಹೈಲ್ಯಾಂಡ್ ವೇ ಎಂಬ 154 ಕಿಲೋಮೀಟರಿನ ಕಾಲುದಾರಿ ಆ ನಗರದ ಅಂಚಿನ ಮಿಲ್‌ಗೈ ಎಂಬಲ್ಲಿಂದ ಹೊರಟು ಫೋರ್ಟ್ ವಿಲಿಯಮ್‌ನಲ್ಲಿ ಮುಗಿಯುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ದಿನದ ನಡಿಗೆ. ನೀವು ಎಂಟು ದಿನವನ್ನೇ ಇಟ್ಟುಕೊಳ್ಳಿ. ನಿಮ್ಮ ದೊಡ್ಡ ಚೀಲವನ್ನು ಒಂದು ತಂಗುದಾಣದಿಂದ ಇನ್ನೊಂದಕ್ಕೆ ವಾಹನದಲ್ಲಿ ಸಾಗಿಸುವ ಸೇವೆಗಳಿವೆ, ಬೆನ್ನ ಮೇಲೆ ನೀರು, ಊಟ, ಮಳೆಯಂಗಿ ಇದ್ದರೆ ಸಾಕು. ಇದನ್ನು ಸೋಲೆಂದು ಭಾವಿಸುವ ಚಾರಣಿಗರಿದ್ದಾರೆ. ಮಂಡಿ ಅವರದಲ್ಲ, ನಿಮ್ಮದು.

ಈ ದಾರಿಯನ್ನು ಸೂಚಿಸಲು ಮುಖ್ಯ ಕಾರಣ ರೈಲು. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಮ್‌ಗೆ ಹೋಗುವ ರೈಲುಮಾರ್ಗ ಆರ್ಡ್‌ಲೂಯಿ, ಕ್ರಿಯನ್‌ಲ್ಯಾರಿಕ್, ಟೈಂಡ್ರಮ್, ಬ್ರಿಜ್ ಆಫ್ ಆರ್ಕಿ ನಿಲ್ದಾಣಗಳಲ್ಲಿ ಕಾಲುದಾರಿಯ ಹತ್ತಿರಕ್ಕೇ ಬರುತ್ತದೆ. ನಡುವೆ ನಿಲ್ಲಿಸಬೇಕೆನಿಸಿದರೆ ಅದೇ ದಿನ ಮಗಳ ಮನೆ ತಲುಪಬಹುದು. ಬ್ರಿಜ್ ಆಫ್ ಆರ್ಕಿಯ ನಂತರ ರೈಲು ದೂರವಾಗುತ್ತದೆ. ಅಲ್ಲಿಂದ ಕಿಂಗ್ಸ್‌ಹೌಸ್‌ವರೆಗೆ ರಾನಕ್ ಮೂರ್ ಎಂಬ ಜೌಗು ಬಯಲಿನ ಅಂಚಿನಲ್ಲಿ ಸುಮಾರು 19 ಕಿಲೋಮೀಟರ್ ನಡೆಯಬೇಕು. ಆರಂಭದಲ್ಲಿ ಒಂದು ಹೋಟೆಲು ಬಿಟ್ಟರೆ ಗಾಳಿ ಮಳೆಗೆ ಮರೆಯಿಲ್ಲ. ಹವಾಮಾನ ನೋಡಿಕೊಂಡೇ ಆ ಭಾಗಕ್ಕೆ ಹೊರಡಿ. ‘ದೆವ್ವದ ಮೆಟ್ಟಿಲು’ ಎಂಬ ಅರ್ಥದ ಹೆಸರಿರುವ, ಸಮುದ್ರಮಟ್ಟದಿಂದ ಸುಮಾರು 548 ಮೀಟರ್ ಎತ್ತರಕ್ಕೆ ಮುಟ್ಟುವ ಏರು ಹೆಸರಿನಷ್ಟು ಭಯಂಕರವಲ್ಲ. ನಿಮ್ಮ ಮಂಡಿಗೆ ಪರೀಕ್ಷೆ ಅದರಾಚೆ ಕಿನ್‌ಲಾಕ್‌ಲೆವೆನ್‌ವರೆಗಿನ ದೀರ್ಘ ಇಳಿಜಾರು. ಎರಡು ಊರುಗೋಲು ಇರಲಿ. ಲಾಕ್ ಲೋಮಂಡ್ ಸರೋವರದ ದಂಡೆಯಲ್ಲಿ ಬೇರು ಬಂಡೆಗಳ ನಡುವೆ ತಡವರಿಸುವ ಭಾಗದಲ್ಲಿ ಗಂಟೆಗೆ ಎರಡು ಕಿಲೋಮೀಟರ್ ಸಾಗಿದರೂ ಬೇಸರಪಡಬೇಡಿ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ‘ಮಿಜ್’ ಎಂಬ ನುಸಿಗಳ ಹಾವಳಿಯಿರುವುದರಿಂದ ಏಪ್ರಿಲ್ ಕೊನೆ ಅಥವಾ ಮೇ ಮೊದಲ ಪಕ್ಷ ಒಳ್ಳೆಯದು. ಹಾಸಿಗೆಗಳು ಕಡಿಮೆ, ತಿಂಗಳುಗಳ ಮೊದಲೇ ಕಾಯ್ದಿರಿಸಿ.

ಸುರಕ್ಷತೆಗೆ ಸಂಬಂಧಿಸಿ ಒಂದು ಪ್ರಕರಣವನ್ನು ನೆನಪಿಸಬೇಕು. 2013ರಲ್ಲಿ ಅಪಲೇಚಿಯನ್ ಟ್ರೇಲ್‌ನಲ್ಲಿ ಒಬ್ಬರೇ ನಡೆಯುತ್ತಿದ್ದ 66 ವರ್ಷದ ಮಹಿಳೆ ಮೇನ್ ರಾಜ್ಯದ ಕಾಡಿನಲ್ಲಿ ಶೌಚಕ್ಕೆಂದು ದಾರಿ ಬಿಟ್ಟು ಒಳಗೆ ಹೋಗಿ ಮರಳಿ ದಾರಿ ಕಾಣದಾದರು. ಗಂಡನಿಗೆ ಕಳಿಸಿದ ಸಂದೇಶಗಳು ಸಿಗ್ನಲ್ ಇಲ್ಲದೆ ಹೋಗಲೇ ಇಲ್ಲ. ಗುಡಾರ ಹಾಕಿಕೊಂಡು ಕೆಲವು ವಾರ ಬದುಕಿದ್ದ ಅವರ ದೇಹ ಸಿಕ್ಕಿದ್ದು 2015ರಲ್ಲಿ, ದಾರಿಯಿಂದ ಮೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ. ಮೊಬೈಲನ್ನು ನಂಬಿ ಕೂರಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಪ್ರತಿದಿನ ಮುಂದಿನ ತಂಗುದಾಣಕ್ಕೂ ಮಗಳಿಗೂ ನೀವು ತಲುಪುವ ಸಮಯ ತಿಳಿಸಿ. ಎಷ್ಟು ತಡವಾದರೆ ಯಾರು ಯಾರನ್ನು ಕರೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡಿ. ಬ್ರಿಟನ್ನಿನಲ್ಲಿ 999ಕ್ಕೆ ಕರೆಮಾಡಿ ಪೊಲೀಸರನ್ನು ಕೇಳಿ, ಬಳಿಕ ಪರ್ವತ ರಕ್ಷಣಾ ತಂಡ ಬೇಕೆಂದು ಹೇಳಬೇಕು. ಮೊದಲೇ ನೋಂದಾಯಿಸಿಕೊಂಡರೆ ಅದೇ ಸಂಖ್ಯೆಗೆ ಸಂದೇಶವನ್ನೂ ಕಳಿಸಬಹುದು. ಸೀಟಿಯನ್ನು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಅಪಾಯದ ಸಂಕೇತ.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಮಗಳು ಅಲ್ಲಿ ಕೊಂಡರೆ ಅದನ್ನು ಅವಳ ಬಳಿಯೇ ಬಿಟ್ಟು ಬನ್ನಿ. ಅನುಮತಿಯಿಲ್ಲದೆ ಅಂಥ ಸಾಧನವನ್ನು ಭಾರತಕ್ಕೆ ತರುವುದು ಕಾನೂನುಬಾಹಿರ. ನಮ್ಮ ವಿಮಾನನಿಲ್ದಾಣಗಳಲ್ಲಿ ಈ ಕಾರಣಕ್ಕೆ ವಿದೇಶಿ ಚಾರಣಿಗರನ್ನು ವಶಕ್ಕೆ ಪಡೆದ ಉದಾಹರಣೆಗಳಿವೆ.

ಪ್ರಶ್ನೆ: ವಿದೇಶವೇಕೆ? ತಲಕಾವೇರಿಯಿಂದ ಕ್ಯಾಸಲ್‌ರಾಕ್‌ವರೆಗೆ ಪಶ್ಚಿಮಘಟ್ಟದ ನೆತ್ತಿಯ ಮೇಲೆ ನಾನೊಬ್ಬನೇ ನಡೆಯಬಾರದೇ?
– ವಿದ್ಯಾರ್ಥಿಯೊಬ್ಬರು, ಮೈಸೂರು

ಉತ್ತರ: ನಡೆಯುವಂತಿಲ್ಲ. ನಿಮ್ಮ ರೇಖೆಯನ್ನು ನಕ್ಷೆಯ ಮೇಲೆ ಎಳೆದರೆ ಪುಷ್ಪಗಿರಿ, ಕುದುರೆಮುಖ, ಮೂಕಾಂಬಿಕಾ, ಶರಾವತಿ ಕಣಿವೆ, ಕಾಳಿ ಹುಲಿ ಮೀಸಲು ಹೀಗೆ ಒಂದರ ಹಿಂದೊಂದು ಸಂರಕ್ಷಿತ ಪ್ರದೇಶ ಎದುರಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ, ರಾತ್ರಿ ತಂಗುವುದಂತೂ ದೂರದ ಮಾತು. ಆನೆಗಳಿರುವ ಕಾಡಿನಲ್ಲಿ ಒಬ್ಬರೇ ಸದ್ದಿಲ್ಲದೆ ನಡೆಯುವುದು ಅವುಗಳಿಗೂ ನಿಮಗೂ ಹಿತವಲ್ಲ. ಅರಣ್ಯ ಇಲಾಖೆ ಆನ್‌ಲೈನ್ ಮೂಲಕ ಅವಕಾಶ ಕೊಡುವ ಚಾರಣಪಥಗಳು ಬಹುತೇಕ ಒಂದು ದಿನದವು.

ದಿನಗಟ್ಟಲೆ ನಡೆಯುವ ಅನುಭವವೇ ಬೇಕಿದ್ದರೆ ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ, ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರಿಕರೊಂದಿಗೆ ಹೊರಡಿ. ದಾರಿಯುದ್ದಕ್ಕೂ ಊರವರು ನೀರು, ಮಜ್ಜಿಗೆ, ಊಟ ಕೊಡುತ್ತಾರೆ. ನೀವು ಒಬ್ಬರೇ ಇರುವುದಿಲ್ಲ, ಆದರೆ ನಡಿಗೆಯ ವೇಗ ನಿಮ್ಮದೇ ಆಗಿರುತ್ತದೆ. ವರ್ಷವರ್ಷವೂ ನಡೆಯುವ ಹಿರಿಯರಿಗೆ ಪಾದಗಳ ಆರೈಕೆಯ ಬಗ್ಗೆ ತಿಳಿದಿರುವಷ್ಟು ಬೂಟಿನ ಅಂಗಡಿಯವರಿಗೆ ತಿಳಿದಿರುವುದಿಲ್ಲ.

ಪ್ರಶ್ನೆ: ಪೋರ್ಟೊದಿಂದ ಸಾಂತಿಯಾಗೊವರೆಗಿನ ಸುಮಾರು 240 ಕಿಲೋಮೀಟರಿನ ಪೋರ್ಚುಗೀಸ್ ದಾರಿಯನ್ನು ಒಬ್ಬನೇ ನಡೆಯಲು ಎಲ್ಲ ಸಿದ್ಧವಾಗಿದೆ. ಚೀಲದ ತೂಕ ಎಷ್ಟಿರಬೇಕು? ಅಭ್ಯಾಸ ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ದೇಹತೂಕದ ಹತ್ತನೆಯ ಒಂದು ಭಾಗ ಎಂಬುದು ಆ ದಾರಿಯಲ್ಲಿ ರೂಢಿಯಲ್ಲಿರುವ ಲೆಕ್ಕ, ನೀರು ಬಿಟ್ಟು ಆರೇಳು ಕಿಲೋ. ಟೆಂಟ್ ಬೇಡ, ಒಲೆ ಬೇಡ. ಎರಡು ಜೊತೆ ಬಟ್ಟೆ, ತೆಳುವಾದ ಸ್ಲೀಪಿಂಗ್ ಬ್ಯಾಗ್, ಮಳೆಯಂಗಿ, ಔಷಧಿ ಸಾಕು. ದಿನವೆಲ್ಲ ನಡೆದಾಗ ಪಾದ ಊದುವುದರಿಂದ ಬೂಟು ಅರ್ಧ ಅಥವಾ ಒಂದು ಅಳತೆ ದೊಡ್ಡದಿರಲಿ, ಅದನ್ನು ಸಂಜೆಯ ಹೊತ್ತು ಹೋಗಿ ಕೊಳ್ಳಿ. ಗುಳ್ಳೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಉರಿಯುತ್ತದೆ. ಆಗಲೇ ಕುಳಿತು, ಕಾಲುಚೀಲ ಬದಲಿಸಿ, ಪಟ್ಟಿ ಅಂಟಿಸಬೇಕು. ಮುಂದಿನ ಊರಿನಲ್ಲಿ ನೋಡಿದರಾಯಿತು ಎಂದುಕೊಂಡವರೇ ಎರಡು ದಿನ ಛತ್ರದಲ್ಲಿ ಮಲಗುತ್ತಾರೆ.

ಅಭ್ಯಾಸಕ್ಕೆ ವಾರಕ್ಕೊಂದು ಬೆಟ್ಟ ಹತ್ತುವುದಕ್ಕಿಂತ ಸತತವಾಗಿ ಮೂರು ದಿನ, ದಿನಕ್ಕೆ 20 ಕಿಲೋಮೀಟರ್, ತುಂಬಿದ ಚೀಲ ಹೊತ್ತು ನಡೆಯುವುದು ಹೆಚ್ಚು ಉಪಯುಕ್ತ. ನಂದಿಬೆಟ್ಟದ ಸುತ್ತಲಿನ ಹಳ್ಳಿರಸ್ತೆಗಳು ಇದಕ್ಕೆ ಸಾಕು. ಹೊರಡುವುದಕ್ಕೆ ಒಂದು ತಿಂಗಳಾದರೂ ಮೊದಲು ಇದನ್ನು ಮಾಡಿ ಮುಗಿಸಿದರೆ, ಮೂರನೆಯ ದಿನ ಕಾಲಿಗೆ ಕಚ್ಚಿದ ಬೂಟನ್ನು ಬದಲಿಸಿ, ಹೊಸದನ್ನು ಪಳಗಿಸಿಕೊಳ್ಳಲು ಸಮಯ ಉಳಿದಿರುತ್ತದೆ.